ಕಾವಲುಗಾರನಿಲ್ಲದ ಬಾಗಿಲು

ರಾತ್ರಿ ಹತ್ತು ಗಂಟೆಯ ಹೊತ್ತಿಗೆ ನಮ್ಮ ಊರುಗಳಲ್ಲಿ ಅಂಗಡಿ ಮುಂಗಟ್ಟುಗಳು ಬಾಗಿಲು ಹಾಕುತ್ತವೆ. ಬ್ಯಾಂಕು, ಆಸ್ಪತ್ರೆಯ ಲೆಕ್ಕದ ಕೋಣೆ, ವಿದ್ಯುತ್ ಕಚೇರಿ, ಇವಕ್ಕಂತೂ ಸಂಜೆಯೇ ಬೀಗ ಬಿದ್ದಿರುತ್ತದೆ. ಆದರೆ ಒಳಗಿನ ಕೆಲಸ ನಿಂತಿರುವುದಿಲ್ಲ. ಹಗಲೆಲ್ಲ ನಡೆದ ಜಮಾ ಖರ್ಚನ್ನು ಒಂದು ಕಂಪ್ಯೂಟರು ಇನ್ನೊಂದಕ್ಕೆ ಒಪ್ಪಿಸುತ್ತಿರುತ್ತದೆ. ಅದು ಮತ್ತೊಂದರಲ್ಲಿ ಪ್ರತಿ ತೆಗೆದಿಡುತ್ತಿರುತ್ತದೆ. ಈ ಕೆಲಸಕ್ಕಾಗಿ ಒಂದು ಯಂತ್ರ ಇನ್ನೊಂದು ಯಂತ್ರದ ಬಾಗಿಲಿಗೆ ಹೋಗಿ, ತಟ್ಟಿ, ಒಳಗೆ ಪ್ರವೇಶಿಸಬೇಕು. ಹೋಗುವುದೂ ಯಂತ್ರವೇ, ಬಾಗಿಲು ತೆರೆಯುವುದೂ ಯಂತ್ರವೇ, ನಡುವೆ ಮನುಷ್ಯನಿಲ್ಲ. ಹೀಗಿರುವಾಗ ಬಾಗಿಲಿಗೆ ಬಂದವರು ಯಾರೆಂದು ತಿಳಿಯುವುದು ಹೇಗೆ? ಬಂದವರನ್ನು ಎಷ್ಟರ ಮಟ್ಟಿಗೆ ನಂಬಬೇಕು? ಶ್ರೋತೃಗಳೇ, ಇಂದು ನಾನು ಮಾತನಾಡಬೇಕೆಂದಿರುವುದು ಈ ಎರಡು ಪ್ರಶ್ನೆಗಳನ್ನು ಕುರಿತು.

ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಯಂತ್ರಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. ಗುರುತು, ಮುದ್ರೆ, ನಂಬುಗೆ, ವೇಷ, ವಂಚನೆ: ಇವು ನಮ್ಮ ಕಾವ್ಯ ನಾಟಕಗಳಲ್ಲಿ ಬಹುಕಾಲದಿಂದ ಚರ್ಚೆಯಾಗುತ್ತ ಬಂದಿರುವ ವಿಷಯಗಳು. ಈಗ ಅವು ತಂತಿಯ ಮೇಲೆ ನಡೆಯುತ್ತಿವೆ, ಅಷ್ಟೆ. ಅಲ್ಲದೆ ಆ ಬಾಗಿಲುಗಳ ಹಿಂದೆ ಇರುವುದು ನಮ್ಮ ಹಣ, ನಮ್ಮ ರೋಗದ ವಿವರ, ನಮ್ಮ ಮಕ್ಕಳ ಅಂಕಪಟ್ಟಿ. ಆದ್ದರಿಂದ ಈ ವಿಷಯವನ್ನು ಸ್ಥೂಲವಾಗಿಯಾದರೂ ತಿಳಿದಿರುವುದು ಗೃಹಸ್ಥರಾದ ನಮ್ಮೆಲ್ಲರಿಗೂ ಅಗತ್ಯ.

ಮೊದಲು ಮನುಷ್ಯನಿಗೂ ಯಂತ್ರಕ್ಕೂ ಇರುವ ಒಂದು ಭೇದವನ್ನು ಗಮನಿಸೋಣ. ನಾವು ಬ್ಯಾಂಕಿನ ಖಾತೆಯನ್ನು ತೆರೆಯುವಾಗ ಪಾಸ್‌ವರ್ಡ್ ಎಂಬ ಒಂದು ಗುಟ್ಟಿನ ಮಾತನ್ನು ಹೇಳುತ್ತೇವೆ. ಆ ಮಾತು ನಮ್ಮ ತಲೆಯಲ್ಲಿರುತ್ತದೆ; ತಲೆಯನ್ನು ಬಗೆದು ಅದನ್ನು ಯಾರೂ ಕದಿಯಲಾರರು. ಆದರೆ ನಡುರಾತ್ರಿ ಎರಡು ಗಂಟೆಗೆ ತಾನಾಗಿಯೇ ಕೆಲಸಕ್ಕೆ ಹೊರಡುವ ಯಂತ್ರದ ಪಕ್ಕದಲ್ಲಿ ಗುಟ್ಟಿನ ಮಾತನ್ನು ಹೇಳಿಕೊಡಲು ಯಾರೂ ಕುಳಿತಿರುವುದಿಲ್ಲ. ಯಂತ್ರಕ್ಕೆ ಅದು ಗೊತ್ತಿರಬೇಕಾದರೆ ಎಲ್ಲಾದರೊಂದು ಕಡೆ ಬರೆದಿಡಲೇ ಬೇಕು. ಬರೆದಿಟ್ಟದ್ದನ್ನು ಇನ್ನೊಬ್ಬರು ಓದಬಹುದು. ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಈ ಗಂಟನ್ನು ಬಿಡಿಸಲು ಮೊದಲು ಮಾಡಿದ ಉಪಾಯ ಬಹಳ ಸರಳವಾದದ್ದು. ೧೯೮೦ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಕೇಂದ್ರದವರು ದೂರದ ಯಂತ್ರವನ್ನು ಪ್ರವೇಶಿಸಲು ಕೆಲವು ಸಾಧನಗಳನ್ನು ರಚಿಸಿದರು. ಅವುಗಳಲ್ಲಿ ನೆರೆಹೊರೆಯವರ ಪಟ್ಟಿಯೊಂದನ್ನು ಬರೆದಿಡುವ ಅನುಕೂಲವಿತ್ತು. ಪಟ್ಟಿಯಲ್ಲಿ ಹೆಸರಿರುವ ಯಂತ್ರದಿಂದ ಯಾರಾದರೂ ಬಂದರೆ ಪಾಸ್‌ವರ್ಡನ್ನು ಕೇಳದೆ ಒಳಗೆ ಬಿಡುವುದು. ಅಂದಿನ ಜಾಲ ಚಿಕ್ಕದು. ವಿದ್ವಾಂಸರು, ಸಂಶೋಧಕರು, ಬಹುಮಟ್ಟಿಗೆ ಪರಸ್ಪರ ಪರಿಚಯವಿದ್ದವರು. ಹಳ್ಳಿಯ ಬೀದಿಯಲ್ಲಿ ಹಗಲು ಹೊತ್ತು ಯಾರೂ ಕದಕ್ಕೆ ಅಗುಳಿ ಹಾಕದಿದ್ದಂತೆ.

ಇದರ ಫಲ ೧೯೮೮ರ ನವೆಂಬರ್ ೨ರಂದು ಕಾಣಿಸಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬಾತ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹರಿದುಹೋಗುವ ಪ್ರೋಗ್ರಾಮೊಂದನ್ನು ಜಾಲಕ್ಕೆ ಬಿಟ್ಟ. ಅದಕ್ಕೆ 'ಹುಳು' ಎಂದೇ ಹೆಸರಾಯಿತು. ಆಗ ಜಾಲದಲ್ಲಿ ಇದ್ದ ಯಂತ್ರಗಳು ಸುಮಾರು ೬೦,೦೦೦. ಹುಳು ಹಿಡಿದವು ಸುಮಾರು ೬,೦೦೦ ಎಂದು ಅಂದಾಜು ಮಾಡಿದರು. ಅಂಚೆ ಹಂಚುವ ಪ್ರೋಗ್ರಾಮಿನ ದೋಷ, ಸುಲಭವಾದ ಪಾಸ್‌ವರ್ಡುಗಳ ಊಹೆ, ಹೀಗೆ ಹುಳು ಹಿಡಿದ ದಾರಿಗಳು ಹಲವು. ಅವುಗಳಲ್ಲಿ ಒಂದು ಈ ನೆರೆಹೊರೆಯ ಪಟ್ಟಿ. ಒಂದು ಮನೆಗೆ ಹೊಕ್ಕ ಹುಳುವಿಗೆ ಆ ಮನೆಯವರನ್ನು ನಂಬಿದ್ದ ಮನೆಗಳೆಲ್ಲ ತೆರೆದುಕೊಂಡವು. ಬಂದವರು ಯಾವ ಮನೆಯಿಂದ ಬಂದರು ಎಂಬುದನ್ನು ನೋಡಿದರೆ ಸಾಲದು, ಅವರು ಯಾರು ಎಂಬುದನ್ನೇ ನೋಡಬೇಕು ಎಂಬ ಪಾಠ ಅಂದು ದೊರೆಯಿತು.

ಹಾಗಾದರೆ ಪ್ರತಿಸಲವೂ ಪಾಸ್‌ವರ್ಡನ್ನು ಹೇಳಿಸಿದರಾಯಿತಲ್ಲ ಎಂದರೆ, ಅದಕ್ಕೂ ಒಂದು ಅಡ್ಡಿ. ಆ ದಿನಗಳಲ್ಲಿ ದೂರದ ಯಂತ್ರಕ್ಕೆ ಹೇಳಿದ ಗುಟ್ಟಿನ ಮಾತು ತಂತಿಯಲ್ಲಿ ಇದ್ದದ್ದು ಇದ್ದ ಹಾಗೆಯೇ ಸಾಗುತ್ತಿತ್ತು. ಪೋಸ್ಟ್ ಕಾರ್ಡಿನಲ್ಲಿ ಬರೆದ ಮಾತನ್ನು ದಾರಿಯಲ್ಲಿ ಕೈಗೆ ಸಿಕ್ಕವರೆಲ್ಲ ಓದಬಹುದಲ್ಲವೆ? ಅದರಂತೆ. ೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಕದ್ದು ಕೇಳುವ ಪ್ರೋಗ್ರಾಮೊಂದನ್ನು ಹೂಡಿದ್ದು ಬೆಳಕಿಗೆ ಬಂತು. ಪತ್ತೆಯಾಗುವ ಹೊತ್ತಿಗೆ ಅದು ಸಾವಿರಗಟ್ಟಲೆ ಹೆಸರುಗಳನ್ನೂ ಪಾಸ್‌ವರ್ಡುಗಳನ್ನೂ ಸಂಗ್ರಹಿಸಿಬಿಟ್ಟಿತ್ತು.

ಅಲ್ಲಿ ಸಂಶೋಧಕರಾಗಿದ್ದ ತಾತು ಯುಲೊನೆನ್ ಎಂಬವರು ಇದನ್ನು ಕಂಡು ಸುಮ್ಮನಿರಲಿಲ್ಲ. ಕೆಲವೇ ತಿಂಗಳಲ್ಲಿ ಹೊಸದೊಂದು ಏರ್ಪಾಟನ್ನು ರಚಿಸಿ, ಅದೇ ವರ್ಷದ ಜುಲೈಯಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದರ ಹೆಸರು ಸೆಕ್ಯೂರ್ ಷೆಲ್, ಬಳಕೆಯಲ್ಲಿ ಎಸ್.ಎಸ್.ಎಚ್. ಎನ್ನುತ್ತಾರೆ. ಜಾಲದಲ್ಲಿ ಒಂದೊಂದು ಸೇವೆಗೂ ಒಂದೊಂದು ಬಾಗಿಲ ಸಂಖ್ಯೆಯುಂಟು. ಹಳೆಯ ಕಡತ ಸಾಗಣೆಗೆ ೨೧, ಹಳೆಯ ದೂರಪ್ರವೇಶಕ್ಕೆ ೨೩. ಇವೆರಡಕ್ಕೂ ಬದಲಿಯಾಗಬೇಕೆಂದು ಹುಟ್ಟಿದ್ದಕ್ಕೆ ನಡುವಿನ ೨೨ ಖಾಲಿಯಿದ್ದುದನ್ನು ನೋಡಿ ಅವರು ಅದನ್ನು ಕೇಳಿದರು; ಮರುದಿನವೇ ದೊರೆಯಿತು. ೧೯೯೯ರಲ್ಲಿ ಓಪನ್ ಬಿ.ಎಸ್.ಡಿ. ಎಂಬ ಬಳಗದವರು ಅದೇ ಮಾದರಿಯನ್ನು ಓಪನ್ ಎಸ್.ಎಸ್.ಎಚ್. ಎಂಬ ಹೆಸರಿನಲ್ಲಿ ಮುಕ್ತವಾಗಿ ಬೆಳೆಸಿದರು. ಇಂದು ಲೋಕದ ಲೆಕ್ಕವಿಲ್ಲದಷ್ಟು ಯಂತ್ರಗಳು ರಾತ್ರಿ ಹಗಲು ಬಳಸುತ್ತಿರುವುದು ಇದನ್ನೇ.

ಇದರಲ್ಲಿ ತಂತಿಯ ಮಾತೆಲ್ಲ ಗೂಢಲಿಪಿಯಲ್ಲಿ ಸಾಗುತ್ತದೆ. ಅದು ಒಂದು ವಿಶೇಷ. ಇನ್ನೊಂದು ವಿಶೇಷ ನಮ್ಮ ಇಂದಿನ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಗುಟ್ಟನ್ನು ಹೇಳದೆಯೇ ಗುಟ್ಟು ತನಗೆ ಗೊತ್ತಿದೆಯೆಂದು ತೋರಿಸುವ ಉಪಾಯವದು. ಇದೇನು ಒಗಟು ಎನ್ನಬೇಡಿ. ನಮ್ಮ ಆಸ್ಥಾನಗಳಲ್ಲಿಯೂ ಅವಧಾನಗಳಲ್ಲಿಯೂ ನಡೆಯುವ ಸಮಸ್ಯಾಪೂರಣವನ್ನು ನೆನೆದುಕೊಳ್ಳಿ. ಪೃಚ್ಛಕರು ಪದ್ಯದ ಕೊನೆಯ ಸಾಲೊಂದನ್ನು ಕೊಡುತ್ತಾರೆ. ಕವಿ ಅಲ್ಲೇ ಉಳಿದ ಸಾಲುಗಳನ್ನು ಕಟ್ಟಿ ಹೇಳಬೇಕು. ಕಟ್ಟಬಲ್ಲವನು ಸಭೆಗೆ ಒಬ್ಬ. ಆದರೆ ಕಟ್ಟಿದ್ದು ಸರಿಯೆ, ಗಣ ಪ್ರಾಸ ಕೂಡಿತೆ ಎಂದು ಪರೀಕ್ಷಿಸಬಲ್ಲವರು ಛಂದಸ್ಸು ಓದಿದವರೆಲ್ಲರೂ. ನಿನ್ನೆ ಹೇಳಿದ ಪದ್ಯವನ್ನು ಯಾರಾದರೂ ಕದ್ದು ಬರೆದುಕೊಂಡಿದ್ದರೂ ಇಂದು ಉಪಯೋಗವಿಲ್ಲ, ಏಕೆಂದರೆ ಇಂದಿನ ಸಮಸ್ಯೆಯೇ ಬೇರೆ. ಎಸ್.ಎಸ್.ಎಚ್.ನಲ್ಲಿ ನಡೆಯುವುದೂ ಹೀಗೆಯೇ. ಪ್ರತಿ ಭೇಟಿಯಲ್ಲೂ ಹೊಸದೊಂದು ಅಂಕಸಮೂಹ ಹುಟ್ಟುತ್ತದೆ; ಬಂದ ಯಂತ್ರ ತನ್ನ ಗುಟ್ಟಿನಿಂದ ಅದಕ್ಕೆ ರುಜು ಹಾಕುತ್ತದೆ; ಬಾಗಿಲಿನ ಯಂತ್ರ ರುಜುವನ್ನು ಪರೀಕ್ಷಿಸುತ್ತದೆ. ಗುಟ್ಟು ಮಾತ್ರ ಹುಟ್ಟಿದ ಮನೆಯನ್ನು ಬಿಟ್ಟು ಕದಲುವುದಿಲ್ಲ.

ಇದಕ್ಕೆ ಆಧಾರ ಗಣಿತ. ೬೧ನ್ನು ೫೩ರಿಂದ ಗುಣಿಸಿ ಎಂದರೆ ನಮ್ಮ ಎಂಟನೆಯ ತರಗತಿಯ ಹುಡುಗ ಕ್ಷಣದಲ್ಲಿ ೩,೨೩೩ ಎನ್ನುತ್ತಾನೆ. ಆದರೆ ೩,೨೩೩ನ್ನು ಕೊಟ್ಟು, ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇದು ಬಂತು ಎಂದರೆ ತಡಕಾಡಬೇಕಾಗುತ್ತದೆ. ಸಂಖ್ಯೆಗಳು ನೂರಾರು ಅಂಕಗಳಷ್ಟು ಉದ್ದವಾದರೆ ಇಂದಿನ ಕಂಪ್ಯೂಟರುಗಳೂ ಕೈಚೆಲ್ಲುತ್ತವೆ. ಹೀಗೆ ಹೋಗುವುದು ಸುಲಭ, ಹಿಂದಿರುಗುವುದು ಕಷ್ಟ ಎನ್ನುವಂಥ ಲೆಕ್ಕಗಳ ಮೇಲೆ ಬೀಗವನ್ನು ಕಟ್ಟಬಹುದೆಂದು ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರು ತೋರಿಸಿದರು. ೧೯೭೭ರಲ್ಲಿ ರಿವೆಸ್ಟ್, ಷಮೀರ್, ಏಡಲ್‌ಮನ್ ಎಂಬ ಮೂವರು ಗುಣಾಕಾರದ ಈ ಮಾರ್ಗವನ್ನೇ ಹಿಡಿದು ರುಜುವನ್ನು ಸಾಧಿಸಿದರು. ಇಲ್ಲಿ ಒಂದು ಜೊತೆಯಿರುತ್ತದೆ: ಬೀಗ ಮತ್ತು ಬೀಗದಕೈ. ಬೀಗವನ್ನು ಯಾರಿಗೆ ಬೇಕಾದರೂ ಕೊಡಬಹುದು, ಯಾವ ಬಾಗಿಲಿಗೆ ಬೇಕಾದರೂ ಹಾಕಬಹುದು. ಬೀಗದಕೈ ಮಾತ್ರ ಒಡೆಯನಲ್ಲಿಯೇ ಇರತಕ್ಕದ್ದು.

ಗುರುತು ಒಂದು ಕಡೆಯಿಂದ ಆದರೆ ಸಾಲದು. ರಾಮಾಯಣದಲ್ಲಿ ಅಶೋಕವನದ ಪ್ರಸಂಗವನ್ನು ಎಲ್ಲರೂ ಬಲ್ಲಿರಿ. ಸನ್ಯಾಸಿಯ ವೇಷವನ್ನು ನಂಬಿ ಕಷ್ಟಕ್ಕೆ ಸಿಕ್ಕಿದ್ದ ಸೀತೆ ಹನುಮಂತನನ್ನು ಕಂಡೊಡನೆ ನಂಬಲಿಲ್ಲ. ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆ ಅವಳಿಗೆ ಧೈರ್ಯವಾಯಿತು. ಹಾಗೆಯೇ ಹನುಮಂತ ಬರಿಗೈಯಲ್ಲಿ ಹಿಂದಿರುಗಲಿಲ್ಲ. ಸೀತೆಯ ಚೂಡಾಮಣಿಯನ್ನು ರಾಮನಿಗೆ ತಂದೊಪ್ಪಿಸಿದ. ಹೋದವನ ಗುರುತು ಅಲ್ಲಿಗೆ, ಅಲ್ಲಿಯ ಗುರುತು ಇಲ್ಲಿಗೆ. ಎಸ್.ಎಸ್.ಎಚ್.ನಲ್ಲಿಯೂ ಬಾಗಿಲಿನ ಯಂತ್ರ ಮೊದಲು ತನ್ನ ಗುರುತನ್ನು ತೋರಿಸಬೇಕು. ಹೋಗುವ ಯಂತ್ರ ಮೊದಲ ಭೇಟಿಯಲ್ಲಿ ಅದನ್ನು ಬರೆದಿಟ್ಟುಕೊಂಡು, ಮುಂದಿನ ಪ್ರತಿ ಭೇಟಿಯಲ್ಲೂ ತಾಳೆ ನೋಡುತ್ತದೆ. ಆದ್ದರಿಂದ ಆ ಮೊದಲ ದಿನ ತಿಳಿದ ಮನುಷ್ಯನೊಬ್ಬ ನಿಂತು ಗುರುತನ್ನು ದೃಢಪಡಿಸಬೇಕು. ಕೆಲಸ ಬೇಗ ಮುಗಿಯಲೆಂದು ಕೆಲವರು ಯಂತ್ರಕ್ಕೆ 'ಗುರುತು ಕೇಳಬೇಡ, ಸುಮ್ಮನೆ ಹೋಗು' ಎಂದು ಅಪ್ಪಣೆ ಮಾಡಿಬಿಡುವುದುಂಟು. ಅದು ಬೇರೆಯವರ ಮನೆಯ ಜಗಲಿಯಲ್ಲಿ ಹಣದ ಗಂಟನ್ನು ಇಳಿಸಿ ಬಂದಂತೆ.

೨೦೨೩ರ ಮಾರ್ಚ್ ೨೪ರಂದು ಇದಕ್ಕೊಂದು ನಿದರ್ಶನ ದೊರೆಯಿತು. ಪ್ರೋಗ್ರಾಮು ಬರೆಯುವವರು ತಮ್ಮ ಬರೆಹಗಳನ್ನು ಇರಿಸುವ ಗಿಟ್‌ಹಬ್ ಎಂಬ ದೊಡ್ಡ ಭಂಡಾರದ ಗುರುತಿನ ಬೀಗದಕೈಯೊಂದು ಸ್ವಲ್ಪ ಹೊತ್ತು ಎಲ್ಲರಿಗೂ ಕಾಣುವ ಜಾಗದಲ್ಲಿ ಬಿದ್ದಿತ್ತು. ಅವರು ಕೂಡಲೇ ಅದನ್ನು ಬದಲಾಯಿಸಿದರು. ಹಳೆಯ ಗುರುತನ್ನು ಬರೆದಿಟ್ಟುಕೊಂಡಿದ್ದ ಯಂತ್ರಗಳು ಅಂದು ಬಾಗಿಲಲ್ಲೇ ನಿಂತು 'ಗುರುತು ಬೇರೆಯಾಗಿದೆ' ಎಂದು ಕೂಗಿಕೊಂಡವು. ಕೆಲಸ ನಿಂತಿತೆಂದು ಬೇಸರಪಟ್ಟವರುಂಟು. ಆದರೆ ಹಾಗೆ ನಿಂತದ್ದೇ ಆ ಯಂತ್ರಗಳು ಸರಿಯಾಗಿದ್ದವೆಂಬುದಕ್ಕೆ ಪ್ರಮಾಣ.

ಇಷ್ಟೆಲ್ಲ ಏರ್ಪಾಟಾದ ಮೇಲೆ ಭಯವೆಲ್ಲಿಯದು? ಮೊದಲು ಹೇಳಿದ ಗಂಟು ಇನ್ನೂ ಪೂರ್ತಿಯಾಗಿ ಬಿಚ್ಚಿಲ್ಲ. ಮನುಷ್ಯ ಬಳಸುವ ಬೀಗದಕೈಗೆ ಮೇಲೊಂದು ಗುಟ್ಟಿನ ಮಾತಿನ ಕವಚವನ್ನು ತೊಡಿಸಬಹುದು. ಕದ್ದವನಿಗೆ ಆ ಮಾತು ತಿಳಿಯದೆ ಬೀಗದಕೈ ಕೆಲಸಕ್ಕೆ ಬಾರದು. ಆದರೆ ತಾನಾಗಿ ನಡೆಯುವ ಯಂತ್ರಕ್ಕೆ ಕವಚ ಬಿಚ್ಚಿಕೊಡುವವರು ಯಾರು? ಆದ್ದರಿಂದ ಇಂಥ ಬೀಗದಕೈಗಳು ಸಾಮಾನ್ಯವಾಗಿ ಕವಚವಿಲ್ಲದೆ ಯಂತ್ರದ ಹೊಟ್ಟೆಯಲ್ಲಿಯೇ ಇರುತ್ತವೆ. ಯಂತ್ರದೊಳಗೆ ನುಗ್ಗಿದ ಕಳ್ಳ ಅದರ ಪ್ರತಿಯನ್ನು ಎತ್ತಿಕೊಂಡರೆ ಅವನೂ ಒಡೆಯನಂತೆಯೇ ರುಜು ಹಾಕಬಲ್ಲ.

ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕದ ಕಥೆ ಇದೇ. ನಂದರ ಅಮಾತ್ಯನಾದ ರಾಕ್ಷಸನ ಮುದ್ರೆಯುಂಗುರ ಅವನ ಹೆಂಡತಿಯ ಬೆರಳಿನಿಂದ ಜಾರಿಬಿದ್ದು, ಗೂಢಚಾರನ ಕೈಗೆ ಸಿಕ್ಕಿ, ಚಾಣಕ್ಯನನ್ನು ಸೇರುತ್ತದೆ. ಚಾಣಕ್ಯ ಒಂದು ಪತ್ರವನ್ನು ಬರೆಸಿ ಆ ಉಂಗುರದಿಂದಲೇ ಮುದ್ರೆ ಹಾಕಿಸುತ್ತಾನೆ. ರಾಕ್ಷಸನಿಗೆ ಆಶ್ರಯವಾಗಿದ್ದ ಮಲಯಕೇತು ಪತ್ರವನ್ನು ನೋಡಿ, ಮುದ್ರೆಯನ್ನು ನೋಡಿ, ರಾಕ್ಷಸನನ್ನೇ ದ್ರೋಹಿಯೆಂದು ತಳ್ಳಿಬಿಡುತ್ತಾನೆ. ಉಂಗುರ ನಿಜ, ಮುದ್ರೆಯೂ ನಿಜ. ಪತ್ರ ಮಾತ್ರ ಸುಳ್ಳು. ಈ ಕಥೆಯನ್ನು ಕೆಂಪುನಾರಾಯಣ ೧೮೨೩ರಲ್ಲಿ 'ಮುದ್ರಾಮಂಜೂಷ'ವೆಂಬ ಗದ್ಯಗ್ರಂಥವಾಗಿ ಕನ್ನಡಕ್ಕೆ ತಂದ. ಮುದ್ರೆ ಸರಿಯಾಗಿದ್ದರೆ ಮಾತೂ ಸರಿಯಾಗಿರಬೇಕು ಎಂದು ನಂಬಿದ ಮಲಯಕೇತುವಿನ ಅವಸ್ಥೆಯೇ ಇಂದಿನ ಯಂತ್ರದ್ದೂ ಕೂಡ.

೨೦೨೦ರ ಮೇ ತಿಂಗಳಲ್ಲಿ ಕೊರೋನಾ ವ್ಯಾಧಿ ಲೋಕವನ್ನೆಲ್ಲ ವ್ಯಾಪಿಸಿದ್ದಾಗ ಯೂರೋಪಿನಲ್ಲಿ ಇದು ನಡೆದೇ ಹೋಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಆರ್ಚರ್ ಎಂಬ ಮಹಾಗಣಕವನ್ನು ಮೇ ೧೧ರಂದು ಮುಚ್ಚಬೇಕಾಯಿತು. ಅದೇ ವಾರ ಜರ್ಮನಿಯ ಹಲವು ಕೇಂದ್ರಗಳೂ ಸ್ವಿಟ್ಸರ್ಲೆಂಡಿನ ಒಂದು ಕೇಂದ್ರವೂ ಬಾಗಿಲು ಹಾಕಿದವು. ಕಳ್ಳರು ಯಾವ ಗೋಡೆಯನ್ನೂ ಒಡೆದು ಬಂದವರಲ್ಲ. ಸಂಶೋಧಕರ ಕದ್ದ ಗುರುತುಗಳನ್ನು ಹಿಡಿದು, ಒಂದು ಕೇಂದ್ರದಿಂದ ಇನ್ನೊಂದಕ್ಕೆ ಎಸ್.ಎಸ್.ಎಚ್.ನ ರಾಜಮಾರ್ಗದಲ್ಲಿಯೇ ನಡೆದುಬಂದವರು. ಕೆಲವು ಕಡೆ ಆ ಮಹಾಯಂತ್ರಗಳನ್ನು ಅಂಕೀಯ ನಾಣ್ಯ ಗಳಿಸುವ ಕೂಲಿಗೆ ಹಚ್ಚಿದರು. ಎಡಿನ್‌ಬರೋದಲ್ಲಿ ಹಳೆಯ ಪಾಸ್‌ವರ್ಡುಗಳನ್ನೂ ಬೀಗದಕೈಗಳನ್ನೂ ಸಾರಾಸಗಟಾಗಿ ರದ್ದುಮಾಡಿ, ಪ್ರತಿಯೊಬ್ಬರಿಗೂ ಹೊಸತನ್ನು ಮಾಡಿಸಬೇಕಾಯಿತು. ಲೋಕಕ್ಕೆ ಲೆಕ್ಕಾಚಾರ ಅತ್ಯಂತ ಅವಶ್ಯವಾಗಿದ್ದ ಕಾಲದಲ್ಲಿ ದಿನಗಟ್ಟಲೆ ಆ ಯಂತ್ರಗಳು ಯಾರಿಗೂ ದೊರೆಯಲಿಲ್ಲ.

ಬೀಗದಕೈ ಎಂದಾದರೊಂದು ದಿನ ಕಳವಾಗಬಹುದು ಎಂದು ಮೊದಲೇ ಒಪ್ಪಿಕೊಂಡು, ಕಳವಾದರೂ ಹೆಚ್ಚು ಕೇಡಾಗದಂತೆ ಅದರ ಅಧಿಕಾರಕ್ಕೆ ಎಲ್ಲೆ ಕಟ್ಟುವುದೇ ಜಾಣತನ. ನಮ್ಮ ಮನೆಗಳಲ್ಲಿ ನಾವು ಇದನ್ನು ಮಾಡುತ್ತಲೇ ಇದ್ದೇವೆ. ವಿದ್ಯುತ್ ಮೀಟರು ನೋಡಲು ಬರುವವರಿಗೆ ನಾವು ಬೀರುವಿನ ಬೀಗದಕೈಯನ್ನು ಕೊಡುತ್ತೇವೆಯೆ? ಜಗಲಿಯವರೆಗೆ ಬಂದು ಮೀಟರು ನೋಡಿ ಹೋದರಾಯಿತು. ಎಸ್.ಎಸ್.ಎಚ್.ನಲ್ಲಿಯೂ ಬಾಗಿಲಿನ ಯಂತ್ರದಲ್ಲಿ ಪ್ರತಿಯೊಂದು ಬೀಗದ ಪಕ್ಕದಲ್ಲೂ ಕಟ್ಟಳೆಗಳನ್ನು ಬರೆದಿಡಲು ಅವಕಾಶವಿದೆ.

ಮೊದಲನೆಯ ಕಟ್ಟಳೆ ಕೆಲಸದ್ದು. ಈ ಬೀಗದಕೈಯಿಂದ ಬಂದವರು ಇದೊಂದು ಕೆಲಸವನ್ನು ಮಾತ್ರ ಮಾಡಬಹುದು: ಲೆಕ್ಕದ ಪ್ರತಿಯನ್ನು ಇಳಿಸಿಕೊಳ್ಳುವುದು, ಅಷ್ಟೆ. ಬೇರೇನನ್ನು ಕೇಳಿದರೂ ಯಂತ್ರ ಕಿವಿಗೊಡುವುದಿಲ್ಲ. ಎರಡನೆಯದು ಸ್ಥಳದ್ದು. ಇಂಥ ವಿಳಾಸದ ಯಂತ್ರದಿಂದ ಬಂದರೆ ಮಾತ್ರ ಸಲ್ಲುತ್ತದೆ. ಅದೇ ಬೀಗದಕೈಯನ್ನು ಬೇರೆಲ್ಲಿಂದ ತಂದರೂ ಸಲ್ಲದು. ಹಿಂದಿನ ನೆರೆಹೊರೆಯ ಪಟ್ಟಿ ಒಂದೇ ಸಾಕ್ಷಿಯಾಗಿತ್ತು. ಇಲ್ಲಿ ವಿಳಾಸ ಬೀಗದಕೈಯ ಜೊತೆಗೆ ಎರಡನೆಯ ಸಾಕ್ಷಿ. ಮೂರನೆಯದು ಅಂತಸ್ತಿನದು. ಯಂತ್ರದಲ್ಲಿ ಎಲ್ಲ ಅಧಿಕಾರವೂ ಉಳ್ಳ ಯಜಮಾನ ಖಾತೆಯೊಂದಿರುತ್ತದೆ. ತಾನಾಗಿ ಬರುವ ಕೆಲಸಗಾರನಿಗೆ ಅದನ್ನು ಕೊಡದೆ, ಆ ಕೆಲಸಕ್ಕೆ ಬೇಕಾದಷ್ಟೇ ಹಕ್ಕಿರುವ ಚಿಕ್ಕ ಖಾತೆಯನ್ನು ಕೊಡಬೇಕು. ನಾಲ್ಕನೆಯದು ಕಾಲದ್ದು. ವಿದ್ಯಾರ್ಥಿಗಳ ಬಸ್ ಪಾಸಿನ ಮೇಲೆ ಕೊನೆಯ ದಿನಾಂಕವಿರುವಂತೆ, ಅವಧಿ ತೀರಿದೊಡನೆ ತಾನೇ ನಿಷ್ಫಲವಾಗುವ ಪ್ರಮಾಣಪತ್ರಗಳನ್ನು ಕೊಡುವ ಸೌಕರ್ಯ ೨೦೧೦ರಿಂದ ಓಪನ್ ಎಸ್.ಎಸ್.ಎಚ್.ನಲ್ಲಿದೆ. ಇದಲ್ಲದೆ ಒಂದು ಕೆಲಸಕ್ಕೆ ಒಂದೇ ಬೀಗದಕೈ. ಹತ್ತು ಕೆಲಸಕ್ಕೆ ಒಂದನ್ನೇ ಹಂಚಿದರೆ, ಕಳೆದಾಗ ಹತ್ತನ್ನೂ ನಿಲ್ಲಿಸಬೇಕಾಗುತ್ತದೆ.

ಬೀಗದಕೈಯನ್ನು ಅಚ್ಚುಹಾಕುವಾಗಲೂ ಎಚ್ಚರ ಬೇಕು. ಅದು ಯಾರೂ ಊಹಿಸಲಾಗದಂತೆ, ಪಗಡೆಯ ದಾಳ ಬಿದ್ದಂತೆ ಹುಟ್ಟಬೇಕು. ಡೆಬಿಯನ್ ಎಂಬ ಪ್ರಸಿದ್ಧ ವ್ಯವಸ್ಥೆಯಲ್ಲಿ ೨೦೦೬ರಲ್ಲಿ ಒಂದೆರಡು ಸಾಲುಗಳನ್ನು ತೆಗೆದುಹಾಕಿದ್ದರಿಂದ ಈ ದಾಳ ಕೆಟ್ಟುಹೋಯಿತು. ೨೦೦೮ರ ಮೇ ತಿಂಗಳಲ್ಲಿ ದೋಷ ಬಯಲಾದಾಗ ನೋಡಿದರೆ, ಒಂದೊಂದು ಬಗೆಯಲ್ಲಿಯೂ ಸುಮಾರು ೩೨,೦೦೦ ಬೀಗದಕೈಗಳು ಮಾತ್ರ ಹುಟ್ಟಲು ಸಾಧ್ಯವಿತ್ತು. ಕಳ್ಳ ಅಷ್ಟನ್ನೂ ಒಂದೇ ಗೊಂಚಲಿಗೆ ಪೋಣಿಸಿಕೊಂಡು ಒಂದೊಂದಾಗಿ ಹಾಕಿ ನೋಡಬಹುದಾಗಿತ್ತು. ಆ ಎರಡು ವರ್ಷಗಳಲ್ಲಿ ಅಲ್ಲಿ ಮಾಡಿದ ಬೀಗದಕೈಗಳನ್ನೆಲ್ಲ ಎಸೆದು ಹೊಸತನ್ನು ಮಾಡಬೇಕಾಯಿತು.

ಇನ್ನು ಎಲ್ಲಕ್ಕಿಂತ ದೊಡ್ಡ ಅಪಾಯ ಮರೆವು. ಬೀಗದಕೈಯನ್ನು ಮಾಡಿಸುವುದು ಕ್ಷಣದ ಕೆಲಸ. ಹಿಂದಕ್ಕೆ ಪಡೆಯುವುದನ್ನು ಯಾರೂ ನೆನೆಯುವುದಿಲ್ಲ. ಮಾಡಿಸಿದವರು ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಆ ಕೆಲಸವೇ ನಿಂತುಹೋಗಿರುತ್ತದೆ. ಬಾಗಿಲು ಮಾತ್ರ ಆ ಹಳೆಯ ಬೀಗದಕೈಗೆ ಇನ್ನೂ ತೆರೆದುಕೊಳ್ಳುತ್ತಿರುತ್ತದೆ. ಮನೆ ಖಾಲಿಮಾಡಿದ ಬಾಡಿಗೆದಾರನಿಂದ ಬೀಗದಕೈಯನ್ನು ಕೇಳಿ ಪಡೆಯದ ಮನೆಯೊಡೆಯ ಯಾರಿದ್ದಾನೆ? ಆದರೆ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಈ ಸಾಮಾನ್ಯ ವಿವೇಕವೇ ತಪ್ಪಿಹೋಗುತ್ತದೆ. ೨೦೧೫ರ ಅಕ್ಟೋಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಯಂತ್ರಗಳ ಈ ಸ್ವಯಂಚಾಲಿತ ಪ್ರವೇಶವನ್ನು ಕುರಿತೇ ಒಂದು ವರದಿಯನ್ನು ಪ್ರಕಟಿಸಿತು. ಮೊದಲು ಎಷ್ಟು ಬೀಗದಕೈಗಳಿವೆ, ಯಾವುದು ಯಾರದು, ಏತಕ್ಕೆ ಎಂದು ಲೆಕ್ಕ ಹಾಕಿ, ಒಡೆಯರಿಲ್ಲದ್ದನ್ನು ತೆಗೆದುಹಾಕಿ, ಉಳಿದದ್ದಕ್ಕೆ ಕೆಲಸದ ಮತ್ತು ಸ್ಥಳದ ಕಟ್ಟಳೆ ಹಾಕಿ, ಕಾಲಕಾಲಕ್ಕೆ ಬದಲಾಯಿಸಿ ಎಂಬುದು ಅದರ ಸಾರ. ಆ ವರದಿಯನ್ನು ಬರೆದ ನಾಲ್ವರಲ್ಲಿ ಒಬ್ಬರು ತಾತು ಯುಲೊನೆನ್. ೧೯೯೫ರಲ್ಲಿ ಲೋಕಕ್ಕೆ ಬೀಗ ಮಾಡಿಕೊಟ್ಟವರೇ ಇಪ್ಪತ್ತು ವರ್ಷಗಳ ನಂತರ, ಬೀಗದಕೈಗಳನ್ನು ಎಣಿಸಿಕೊಳ್ಳಿ ಎಂದು ಹೇಳಬೇಕಾಯಿತು.

ಇದೆಲ್ಲ ದೊಡ್ಡ ಕಚೇರಿಗಳ ಮಾತು, ನಮಗೇನು ಎನ್ನುವಂತಿಲ್ಲ. ಇಂದು ಪಟ್ಟಣದ ಮನೆಮನೆಯಲ್ಲೂ ಇಂಟರ್ನೆಟ್ಟಿನ ಪೆಟ್ಟಿಗೆಯಿದೆ. ಹಲವರ ಬಾಗಿಲಲ್ಲಿ ಕಾವಲಿನ ಕ್ಯಾಮೆರಾ ಇದೆ. ಅವೂ ಚಿಕ್ಕ ಕಂಪ್ಯೂಟರುಗಳೇ. ಅವಕ್ಕೂ ದೂರದಿಂದ ಪ್ರವೇಶಿಸುವ ಬಾಗಿಲುಗಳುಂಟು. ೨೦೧೬ರಲ್ಲಿ ಮಿರಾಯ್ ಎಂಬ ಹುಳುವೊಂದು ಲೋಕದಾದ್ಯಂತ ಇಂಥ ಪೆಟ್ಟಿಗೆಗಳನ್ನೂ ಕ್ಯಾಮೆರಾಗಳನ್ನೂ ಹುಡುಕಿಕೊಂಡು ಹೋಯಿತು. ಅದರ ಕೈಯಲ್ಲಿದ್ದದ್ದು ಕಾರ್ಖಾನೆಯವರೇ ಇಟ್ಟ ಸುಮಾರು ಅರವತ್ತು ಹೆಸರು ಮತ್ತು ಪಾಸ್‌ವರ್ಡುಗಳ ಪಟ್ಟಿ ಮಾತ್ರ. ಕೊಂಡವರು ಅದನ್ನು ಬದಲಾಯಿಸಿರಲಿಲ್ಲವಾದ್ದರಿಂದ ಲಕ್ಷಗಟ್ಟಲೆ ಯಂತ್ರಗಳು ವಶವಾದವು. ಅಕ್ಟೋಬರ್ ೨೧ರಂದು ಅವುಗಳಲ್ಲಿ ಹಲವು ಒಟ್ಟಾಗಿ ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದು, ಹೆಸರಾಂತ ಅನೇಕ ತಾಣಗಳು ಗಂಟೆಗಟ್ಟಲೆ ತೆರೆಯದಂತೆ ಮಾಡಿದವು. ಕಳ್ಳನನ್ನು ಕಾಯಬೇಕೆಂದು ತಂದ ಕ್ಯಾಮೆರಾ ತಾನೇ ಕಳ್ಳನ ಆಳಾಯಿತು. ಆದ್ದರಿಂದ ಹೊಸ ಪೆಟ್ಟಿಗೆ ಮನೆಗೆ ಬಂದ ದಿನವೇ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಾಯಿಸಿರಿ. ದೂರಪ್ರವೇಶ ನಿಮಗೆ ಬೇಡವಾದರೆ ಆ ಬಾಗಿಲನ್ನು ಮುಚ್ಚಿಸಿರಿ. ತಯಾರಕರು ತಿದ್ದುಪಡಿಗಳನ್ನು ಕಳುಹಿಸಿದಾಗ ಅಲಕ್ಷ್ಯ ಮಾಡದೆ ಹಾಕಿಸಿರಿ. ಇದಿಷ್ಟು ನಮ್ಮ ಕೈಯಲ್ಲಿದೆ.

ಕೊನೆಗೆ ಒಂದು ಮಾತು. ೨೦೨೪ರ ಮಾರ್ಚ್ ತಿಂಗಳಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರು ತಮ್ಮ ಕೆಲಸದ ನಡುವೆ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ಎಸ್.ಎಸ್.ಎಚ್. ಪ್ರವೇಶ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿತ್ತು. ಅರ್ಧ ಸೆಕೆಂಡಲ್ಲವೆ ಎಂದು ಅವರು ಬಿಟ್ಟುಬಿಡಲಿಲ್ಲ. ಬೆನ್ನುಹತ್ತಿ ನೋಡಿದಾಗ, ಕಡತಗಳನ್ನು ಅಡಕಮಾಡುವ ಎಕ್ಸ್.ಜಡ್. ಎಂಬ ಬೇರೊಂದು ಉಪಕರಣದೊಳಗೆ ಯಾರೋ ಬೇಕೆಂದೇ ಕಳ್ಳಬಾಗಿಲೊಂದನ್ನು ಹೊಂಚಿಟ್ಟಿದ್ದು ತಿಳಿಯಿತು. ಅದು ಬಹುಪಾಲು ಯಂತ್ರಗಳಿಗೆ ತಲುಪುವ ಮೊದಲೇ, ಮಾರ್ಚ್ ೨೯ರಂದು ಅವರು ಲೋಕಕ್ಕೆ ತಿಳಿಸಿದರು. ಯಂತ್ರಕ್ಕೆ ನಿದ್ರೆಯಿಲ್ಲ, ನಿಜ. ಆದರೆ ಕೊಟ್ಟ ಗುರುತು ತಾಳೆಯಾದರೆ ಅದು ಮುಂದೆ ಏನನ್ನೂ ಕೇಳುವುದಿಲ್ಲ. ಇದೇಕೆ ಹೀಗಾಯಿತು ಎಂದು ಕೇಳುವವನು ಮನುಷ್ಯನೇ ಆಗಬೇಕು.

ನಂಬಿಕೆಯಿಲ್ಲದೆ ವ್ಯವಹಾರ ನಡೆಯದು. ಯಂತ್ರಗಳ ನಡುವೆಯೂ ನಂಬಿಕೆ ಬೇಕೇ ಬೇಕು. ಆದರೆ ಅದು ಇಂಥ ಕೆಲಸಕ್ಕೆ, ಇಂಥ ಸ್ಥಳದಿಂದ, ಇಂಥ ಅಂತಸ್ತಿನಲ್ಲಿ, ಇಷ್ಟು ದಿನಕ್ಕೆ ಎಂದು ಅಳೆದು ಕೊಟ್ಟ ನಂಬಿಕೆಯಾಗಿರಲಿ. ಕೊಟ್ಟದ್ದು ನಮ್ಮ ನೆನಪಿನಲ್ಲಿರಲಿ. ನಮ್ಮ ಹಣವನ್ನೂ ವಿವರಗಳನ್ನೂ ಇರಿಸಿಕೊಂಡಿರುವ ಸಂಸ್ಥೆಗಳನ್ನು ನಾವು ಕೇಳಬಹುದಾದ ಪ್ರಶ್ನೆಯೂ ಇದೇ: ನಿಮ್ಮ ಬಾಗಿಲುಗಳಿಗೆ ಎಷ್ಟು ಬೀಗದಕೈಗಳಿವೆ, ಅವು ಯಾರ ಕೈಯಲ್ಲಿವೆ ಎಂಬ ಲೆಕ್ಕ ನಿಮ್ಮಲ್ಲಿದೆಯೆ?